ದುಡ್ಡು ಕೊಡಲಿಕ್ಕೂ 21 ತಿಂಗಳು

2025ರ ಸೆಪ್ಟೆಂಬರ್ ಕೊನೆಯ ವಾರ ಆದಾಯ ತೆರಿಗೆ ಪೋರ್ಟಲಿನಿಂದ ಒಂದು ಪಿಡಿಎಫ್ ಇಳಿಸಿಕೊಂಡೆ. ನಮ್ಮ ಪುಟ್ಟ ವಿದ್ಯಾರ್ಥಿವೇತನ ಟ್ರಸ್ಟಿಗೆ ಐದು ವರ್ಷದ ತೆರಿಗೆ ವಿನಾಯಿತಿಯ ಮಾನ್ಯತೆ ಕೊಟ್ಟ ಆದೇಶ. ಎಂಬಿಎ ಬ್ಯಾಚಿನ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಹತ್ತಾರು ಹೆಬ್ಬೆರಳು ಬಂದವು. ಒಬ್ಬ ಮಾತ್ರ ಕೇಳಿದ: "ಇಷ್ಟ ದಿನಾ ಬೇಕಾತೇನ ಇದಕ್ಕ?"

ಬೇಕಾಯಿತು. ಯಾಕೆ ಬೇಕಾಯಿತು ಅನ್ನುವುದನ್ನು ಬರೆದಿಡುತ್ತಿದ್ದೇನೆ. ಬ್ಯಾಚಿನ 25 ವರ್ಷದ ಕೂಟ ಮುಗಿಸಿ "ಏನಾದರೂ ಮಾಡೋಣ" ಅಂತ ಹುರುಪಿನಲ್ಲಿ ಇರುವವರಿಗೆ ಉಪಯೋಗವಾದೀತು.

ನನ್ನ ಬಗ್ಗೆ ಸ್ವಲ್ಪ. ಊರು ಸವದತ್ತಿ ತಾಲೂಕು. ಅಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. 1996ರಲ್ಲಿ ನನಗೆ ಎಂಬಿಎ ಸೀಟು ಸಿಕ್ಕಾಗ ಫೀ ಕಟ್ಟಲು ನಾಲ್ಕು ದಿನ ಗಡುವು, ಮನೆಯಲ್ಲಿ ದುಡ್ಡಿಲ್ಲ. ಅಪ್ಪನಿಗೆ ಪರಿಚಯವಿದ್ದ ಅಡತಿ ಅಂಗಡಿಯ ಕಾಕಾ ಗಲ್ಲಾಪೆಟ್ಟಿಗೆಯಿಂದ ನಾಲ್ಕು ಸಾವಿರ ಎಣಿಸಿ ಕೊಟ್ಟರು. ಕಾಗದವಿಲ್ಲ, ಬಡ್ಡಿಯಿಲ್ಲ. 1998ರಲ್ಲಿ ಹುಬ್ಬಳ್ಳಿಯ ಒಂದು ಫೈನಾನ್ಸ್ ಕಂಪನಿ ಸೇರಿದೆ. ಟ್ರ್ಯಾಕ್ಟರ್ ಸಾಲ ಕೊಡುವುದು, ಕಂತು ತಪ್ಪಿದವರ ಮನೆಗೆ ಹೋಗಿ ವಸೂಲಿ ಮಾಡುವುದು. ಆಮೇಲೆ ಬೆಂಗಳೂರು, ಬಡ್ತಿ, ಕಾರು. 2021ರಲ್ಲಿ ಸಾಕೆನಿಸಿ ಬಿಟ್ಟೆ. ಅಂದರೆ 23 ವರ್ಷ, ಕೊಟ್ಟದ್ದನ್ನು ವಾಪಸ್ ತರುವುದೇ ನನ್ನ ಕಸುಬು. ವಾಪಸ್ ಬಾರದ ದುಡ್ಡು ಕೊಡುವ ವಿದ್ಯೆ ನನಗೆ ಗೊತ್ತಿರಲಿಲ್ಲ.

ನಡುವೆ ಎರಡು ವರ್ಷ ಬೆಂಗಳೂರಿನಲ್ಲಿ ನಮ್ಮ ವಾರ್ಡ್ ಸಮಿತಿಯ ಸದಸ್ಯಳಾಗಿದ್ದೆ. ಒಣ ಕಸ, ಮಳೆನೀರಿನ ಚರಂಡಿ, ಬೀದಿ ದೀಪ. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿಯಿತು, ಚುನಾವಣೆ ಬರಲೇ ಇಲ್ಲ, ನನ್ನ ಉತ್ಸಾಹವೂ ಇಳಿಯಿತು. ಆದರೆ ಅಲ್ಲಿ ಕಲಿತ ಒಂದು ಅಭ್ಯಾಸ ಟ್ರಸ್ಟನ್ನು ಕಾಪಾಡಿತು: ಪ್ರತಿ ಸಭೆಯ ನಡಾವಳಿ ಅವತ್ತೇ ಬರೆದು, ಬಂದವರ ಸಹಿ ಅಲ್ಲೇ ಹಾಕಿಸಿಕೊಳ್ಳುವುದು. ಮಾರನೆಯ ದಿನಕ್ಕೆ ಯಾರಿಗೂ ತಾವು ಒಪ್ಪಿದ್ದು ನೆನಪಿರುವುದಿಲ್ಲ.

2023ರ ಡಿಸೆಂಬರಿನಲ್ಲಿ ಧಾರವಾಡದಲ್ಲಿ ಬ್ಯಾಚಿನ ಬೆಳ್ಳಿಹಬ್ಬ ಮಾಡಿದೆವು. ಅದೇ ವರ್ಷ ಜೂನಿನಲ್ಲಿ ನಂದನ್ ನಿಲೇಕಣಿಯವರು ತಾವು ಓದಿದ ಐಐಟಿ ಬಾಂಬೆಗೆ 315 ಕೋಟಿ ಕೊಟ್ಟ ಸುದ್ದಿ ಎಲ್ಲರ ಬಾಯಲ್ಲಿತ್ತು. ಊಟದ ಹೊತ್ತಿಗೆ ಒಬ್ಬ ಎದ್ದು, "ನಾವೂ ಕೊಡೋಣ್ರಪಾ, ಕೋಟಿ ಅನ್ನೂದೊಂದ ಬಿಟ್ಟು" ಅಂದ. ನಕ್ಕೆವು. ಮೇಜಿನ ಮೇಲಿದ್ದ ಊಟದ ಮೆನುವಿನ ಹಿಂದೆ ಹೆಸರು, ಮೊತ್ತ ಬರೆಯುತ್ತ ಹೋದೆವು. 42 ಜನರ ಬ್ಯಾಚು, ಇಬ್ಬರು ತೀರಿಹೋಗಿದ್ದಾರೆ. ಆ ಕಾಗದ ಈಗಲೂ ಫೈಲಿನ ಮೊದಲ ಪುಟ.

ಮೊದಲ ಆಲೋಚನೆ, ಎಲ್ಲರಿಗೂ ಬರುವಂಥದ್ದೇ: ಒಂದು ದತ್ತಿ ಇಟ್ಟು ಚಿನ್ನದ ಪದಕ. ನಮಗೆ ಪಾಠ ಮಾಡಿದ್ದ ಸರ್ ಒಬ್ಬರನ್ನು ಕೇಳಿದೆವು. ಅವರು ಹಳೆಯ ದತ್ತಿಗಳ ಕಥೆ ಹೇಳಿದರು. ಇಟ್ಟಾಗ ಬಡ್ಡಿಯಲ್ಲಿ ಚಿನ್ನ ಬರುತ್ತಿತ್ತು, ಈಗ ಬಡ್ಡಿ ಇಳಿದಿದೆ, ಚಿನ್ನ ಏರಿದೆ. ಎಷ್ಟೋ ಕಡೆ ಪದಕದ ಮೇಲೆ ಬರೀ ಚಿನ್ನದ ನೀರು. "ಪದಕ ಕೊಡೂದು ಓದಿ ಮುಗಿಸಿದವರಿಗೆ. ಓದಲಿಕ್ಕೇ ಬರಲಾರದವರಿಗೆ ಏನ್ ಮಾಡ್ತೀರಿ?" ಅಂದರು. ನನಗೆ ಅಡತಿ ಅಂಗಡಿಯ ಗಲ್ಲಾಪೆಟ್ಟಿಗೆ ನೆನಪಾಯಿತು. ಪಿಜಿಸಿಇಟಿ, ಅಂದರೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆದು ಸೀಟು ಹಂಚಿಕೆಯಾದ ಮೇಲೆ ಫೀ ಕಟ್ಟಲು ಸಿಗುವುದು ಕೆಲವೇ ದಿನ. ಸರ್ಕಾರದ ವಿದ್ಯಾರ್ಥಿವೇತನ ಬರುವುದು ಸೇರಿದ ಮೇಲೆ. ಆ ನಡುವಿನ ದಿನಗಳಲ್ಲೇ ದುಡ್ಡು ಕೈಗೆ ಸಿಗಬೇಕು. ಅದಕ್ಕೆ ನಮ್ಮದೇ ಟ್ರಸ್ಟ್ ಬೇಕು ಅಂತ ತೀರ್ಮಾನವಾಯಿತು. ಸೊಸೈಟಿ ಮಾಡಬಹುದಿತ್ತು, ಅದಕ್ಕೆ ಕನಿಷ್ಠ ಏಳು ಜನ, ಪ್ರತಿ ವರ್ಷ ಸರ್ವಸಾಧಾರಣ ಸಭೆ, ಚುನಾವಣೆ. ನಾವು ಐದು ಜನ ಟ್ರಸ್ಟಿಗಳಾದೆವು.

ಹುಡುಗರೇ ಬರೆಯಬಹುದಾದ ಕಾಗದ ಅಂದುಕೊಂಡಿದ್ದ ಟ್ರಸ್ಟ್ ಡೀಡ್ ಎರಡು ತಿಂಗಳು ತಿಂದಿತು. ಮೊದಲ ಜಗಳ ಅಂದರೆ ಜಗಳವೇ. ಬ್ಯಾಚಿನ ಒಬ್ಬ ದೊಡ್ಡ ಮೊತ್ತ ಬರೆದಿದ್ದ. "ನಮ್ಮ ಸಮಾಜದ ಹುಡುಗರಿಗೆ ಅಂತ ಬರೀರಿ, ಇನ್ನೂ ಐದು ಲಕ್ಷ ಎತ್ತಿಕೊಡ್ತೇನಿ" ಅಂದ. ಅವನದು ಕೆಟ್ಟ ಮನಸ್ಸಲ್ಲ. ನಮ್ಮ ಭಾಗದಲ್ಲಿ ಶಿಕ್ಷಣದ ದಾನ ಬೆಳೆದು ಬಂದ ದಾರಿಯೇ ಹಾಗಿದೆ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನೆಲ್ಲ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟವರು, ನಮ್ಮ ತಾಲೂಕಿನಲ್ಲಿ ಆ ಕಥೆ ಕೇಳದೆ ಬೆಳೆದವರಿಲ್ಲ. ಆದರೆ ಈಗಿನ ಕಾನೂನಿನಲ್ಲಿ ಒಂದು ಜಾತಿಗೋ ಧರ್ಮಕ್ಕೋ ಮಾತ್ರ ಅಂತ ಬರೆದರೆ 80ಜಿ, ಅಂದರೆ ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಅಂತ ಬರೆಯಲು ಅಡ್ಡಿಯಿಲ್ಲ. ನಾವು "ಆರ್ಥಿಕವಾಗಿ ಹಿಂದುಳಿದ ಕುಟುಂಬದ ವಿದ್ಯಾರ್ಥಿಗಳು, ವಿದ್ಯಾರ್ಥಿನಿಯರಿಗೆ ಆದ್ಯತೆ" ಅಂತ ಬರೆದೆವು. ಅವನು ಒಂದು ತಿಂಗಳು ಮಾತು ಬಿಟ್ಟ. ಆಮೇಲೆ ಬರೆದಿದ್ದರಲ್ಲಿ ಅರ್ಧ ಕೊಟ್ಟ.

ಡೀಡ್ ಬರೆಸುವವರು ದಯವಿಟ್ಟು ಗಮನಿಸಿ. ವಕೀಲರು ಹಳೆಯ ನಮೂನೆ ಇಟ್ಟುಕೊಂಡಿರುತ್ತಾರೆ, ಹೆಸರು ಬದಲಿಸಿ ಕೊಡುತ್ತಾರೆ. ಟ್ರಸ್ಟ್ ಹಿಂಪಡೆಯಲಾಗದ್ದು ಅನ್ನುವ ಮಾತು, ಮುಚ್ಚಬೇಕಾಗಿ ಬಂದರೆ ಉಳಿದ ಆಸ್ತಿ ಇಂಥದೇ ಉದ್ದೇಶದ ಇನ್ನೊಂದು ಟ್ರಸ್ಟಿಗೆ ಹೋಗುತ್ತದೆ, ಟ್ರಸ್ಟಿಗಳಿಗಲ್ಲ ಅನ್ನುವ ಮಾತು, ಇವೆರಡೂ ಇವೆಯೇ ನೋಡಿ. ನಮ್ಮದರಲ್ಲಿ ಎರಡನೆಯದು ಇರಲಿಲ್ಲ. ಯಾರೂ ನೋಡಲಿಲ್ಲ. ಎಂಬಿಎ ಓದಿದ ಐದು ಜನ, ಪ್ರತಿ ಪುಟಕ್ಕೂ ಸಹಿ ಹಾಕಿದವರು!

2024ರ ಏಪ್ರಿಲ್‌ನಲ್ಲಿ ನೋಂದಣಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ವಿವರ ತುಂಬಿ, ಶುಲ್ಕ ಕಟ್ಟಿ, ದಿನ ಗೊತ್ತು ಮಾಡಿಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ನಾನು ಬೆಂಗಳೂರಿನಿಂದ ನಸುಕಿನ ವಂದೇ ಭಾರತ್ ಹತ್ತಿ ಬಂದೆ. ಒಬ್ಬ ಟ್ರಸ್ಟಿ ಬೆಳಗಾವಿಯಿಂದ, ಇಬ್ಬರು ಹುಬ್ಬಳ್ಳಿಯಿಂದ. ಐದನೆಯವಳು ತನ್ನ ಆಧಾರ್ ಕಾರ್ಡ್ ಮನೆಯಲ್ಲಿ ಮರೆತು ಬಂದಿದ್ದಳು. ಮೊಬೈಲಿನ ಫೋಟೋ ನಡೆಯಲಿಲ್ಲ. ಅವಳ ಗಂಡ ಅದನ್ನು ತಂದು ಮುಟ್ಟಿಸುವಷ್ಟರಲ್ಲಿ ನಮ್ಮ ಸರದಿ ದಾಟಿ, ಕೊನೆಗೆ ಸಂಜೆ ನಾಲ್ಕೂವರೆಗೆ ಹೆಬ್ಬೆಟ್ಟು, ಫೋಟೋ. ಮಧ್ಯಾಹ್ನದ ಊಟ ಎಲ್ಲರಿಗೂ ಅವಳೇ ಹಾಕಿಸಿದಳು. ಗಿರಮಿಟ್ಟು, ಮಿರ್ಚಿ. ಇಡೀ 21 ತಿಂಗಳಲ್ಲಿ ನಾವು ಐವರೂ ಒಟ್ಟಿಗೆ ಕೂತು ಹರಟಿದ್ದು ಆ ಒಂದು ಮಧ್ಯಾಹ್ನ ಮಾತ್ರ.

ಪ್ಯಾನ್ ಸುಲಭ. ನೋಂದಾಯಿತ ಡೀಡಿನ ಪ್ರತಿ ಹಚ್ಚಿ 49ಎ ನಮೂನೆ ಕೊಟ್ಟೆವು, ಬಂತು. ಟ್ರಸ್ಟಿನ ಪ್ಯಾನಿನಲ್ಲಿ ನಾಲ್ಕನೆಯ ಅಕ್ಷರ 'ಟಿ' ಇರಬೇಕು, ಬಂದ ಕೂಡಲೇ ಅದನ್ನು ನೋಡಿಕೊಳ್ಳಿ.

ಬ್ಯಾಂಕ್ ಖಾತೆ ಸುಲಭವಲ್ಲ. ಯಾವ ಬ್ಯಾಂಕು ಅಂತ ಹೇಳುವುದಿಲ್ಲ, ಮೂರರಲ್ಲಿ ಅಲೆದೆವು. ಒಬ್ಬರಿಗೆ ಲೆಟರ್‌ಹೆಡ್ಡಿನ ಮೇಲೆ ಠರಾವು ಬೇಕು, ಸಿಕ್ಕಾ (ಮೊಹರು) ಬೇಕು. ಸರಿ, ಮಾಡಿಸಿದೆವು. ಡೀಡಿನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಹೆಸರಿನ ಇನಿಷಿಯಲ್ ಇದೆ, ಪ್ಯಾನಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಪೂರ್ತಿ ಬರೆದಿದೆ, ಜೊತೆಗೆ ಅಡ್ಡಹೆಸರು. "ಇವರಿಬ್ಬರೂ ಒಬ್ಬರೇ ಅಂತ ಹೆಂಗ ತಿಳೀಬೇಕ್ರೀ ಮೇಡಂ?" ಅಂತ ಎದುರಿಗೇ ಕೂತಿದ್ದ ನನ್ನನ್ನು ನೋಡಿ ಕೇಳಿದರು. ನಾನೂ ಆ ಕುರ್ಚಿಯಲ್ಲಿ ಕೂತು ಎಷ್ಟೋ ರೈತರಿಗೆ ಇದೇ ಪ್ರಶ್ನೆ ಕೇಳಿದವಳು. ಬಾಯಿ ಮುಚ್ಚಿಕೊಂಡು ನೋಟರಿ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿದೆ. ಮದುವೆಯಾದ ಹೆಣ್ಣುಮಕ್ಕಳು ಟ್ರಸ್ಟಿಗಳಾಗುವುದಾದರೆ ಡೀಡಿನಲ್ಲಿ ಪ್ಯಾನಿನಲ್ಲಿರುವಂತೆಯೇ ಹೆಸರು ಬರೆಸಿ. ಇನ್ನೊಂದು ವಿಷಯ: ತೆರಿಗೆ ವಿನಾಯಿತಿ ಕಾಗದ ಬರುವ ತನಕ ನಮಗೆ ಸಿಕ್ಕಿದ್ದು ಕರೆಂಟ್ ಖಾತೆ. ಬಂದ ಮೇಲೆ ಉಳಿತಾಯ ಖಾತೆ ಕೇಳಿ ಪಡೆದೆವು. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಸ್ವಯಂಸೇವಾ ಸಂಸ್ಥೆಗಳಿಗಾಗಿ ಇರುವ ನೀತಿ ಆಯೋಗದ ದರ್ಪಣ ಪೋರ್ಟಲಿನಲ್ಲೂ ಹೆಸರು ಹಾಕಿದೆವು. ಅಲ್ಲಿ ಮೂವರು ಪದಾಧಿಕಾರಿಗಳ ಪ್ಯಾನ್, ಆಧಾರ್ ಕೇಳುತ್ತದೆ, ಒಟಿಪಿ ಹೇಳಲು ಮೂವರೂ ಫೋನ್ ಹಿಡಿದು ಕೂರಬೇಕು.

ಜುಲೈನಲ್ಲಿ ಆದಾಯ ತೆರಿಗೆ ಇಲಾಖೆಗೆ 10ಎ ನಮೂನೆ ಸಲ್ಲಿಸಿದೆವು, 12ಎಬಿ (ಟ್ರಸ್ಟಿನ ಆದಾಯಕ್ಕೇ ತೆರಿಗೆ ವಿನಾಯಿತಿ) ಮತ್ತು 80ಜಿ ಎರಡಕ್ಕೂ. ಆಗಸ್ಟಿನಲ್ಲಿ ತಾತ್ಕಾಲಿಕ ಆದೇಶ ಬಂತು, ಮೂರು ವರ್ಷಕ್ಕೆ. ಇಷ್ಟು ಬೇಗ ಬಂದಿತಲ್ಲ ಅಂತ ಹಿಗ್ಗಿದೆ. ಮೂರು ವರ್ಷ ನಿಶ್ಚಿಂತೆ ಅಂದುಕೊಂಡೆ. ಅದೇ ನನ್ನ ಅತಿ ದೊಡ್ಡ ತಪ್ಪು ತಿಳಿವಳಿಕೆ, ಮುಂದೆ ಹೇಳುತ್ತೇನೆ. (ನಾನು ಹೇಳುತ್ತಿರುವ ನಮೂನೆ, ಸೆಕ್ಷನ್ ಸಂಖ್ಯೆಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ, ಸಂಖ್ಯೆಗಳು ಬೇರೆ. ನಿಮ್ಮ ಸಿಎ ಹತ್ತಿರ ಹೊಸದನ್ನು ಕೇಳಿಕೊಳ್ಳಿ.)

ಇನ್ನು ದುಡ್ಡು. ಖಾತೆ ಸಂಖ್ಯೆಯನ್ನು ಗುಂಪಿಗೆ ಹಾಕುವ ಮುಂಚೆ ಸಿಎ ಹುಡುಗನಿಗೆ ಒಂದು ಸಲ ತೋರಿಸಿದ್ದು ಯಾವ ಜನ್ಮದ ಪುಣ್ಯವೋ. ನ್ಯೂಜೆರ್ಸಿಯಲ್ಲಿರುವ ಗೆಳೆಯ ನಾಲ್ಕು ಲಕ್ಷ ಬರೆದಿದ್ದ, ಎಲ್ಲರಿಗಿಂತ ಹೆಚ್ಚು. ಅವನು ಅಮೆರಿಕದ ಪೌರತ್ವ ತೆಗೆದುಕೊಂಡಿದ್ದಾನೆ, ಕೈಯಲ್ಲಿ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡು. ಸಿಎ ಒಂದೇ ಮಾತು ಹೇಳಿದ: "ತಗೋಬ್ಯಾಡ್ರಿ." ಓಸಿಐ ಇದ್ದವರು, ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾನೂನಿನ ಲೆಕ್ಕದಲ್ಲಿ ವಿದೇಶಿ ಮೂಲ. ಗೆಳೆಯ ವಾದ ಮಾಡಿದ, "ನನ್ನ ಧಾರವಾಡದ ಎನ್‌ಆರ್‌ಒ ಖಾತೆಯಿಂದ ರೂಪಾಯಿಯೊಳಗ ಕೊಡ್ತೇನಲ್ಲ?" ರೂಪಾಯಿಯಾದರೂ ಅಷ್ಟೇ, ನೋಡುವುದು ಕೊಡುವವನ ಪೌರತ್ವವನ್ನು, ನೋಟಿನ ಬಣ್ಣವನ್ನಲ್ಲ. ಎಫ್‌ಸಿಆರ್‌ಎ ನೋಂದಣಿ ಮಾಡಿಸೋಣವೆಂದರೆ ಮೂರು ವರ್ಷದ ವಯಸ್ಸು, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿದ ದಾಖಲೆ, ಆಮೇಲೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಪ್ರತ್ಯೇಕ ಖಾತೆ. ನಮ್ಮಂಥ ಕೂಸಿಗೆ ಆಗುವ ಮಾತಲ್ಲ.

ಅದೇ ದುಬೈನಲ್ಲಿರುವ ಗೆಳತಿ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾಳೆ. ಅವಳ ಸ್ವಂತ ಉಳಿತಾಯದ ದುಡ್ಡಿಗೆ ಯಾವ ಅಡ್ಡಿಯೂ ಇಲ್ಲ. ಪಾಸ್‌ಪೋರ್ಟಿನ ಪ್ರತಿ ತೆಗೆದು ಫೈಲಿನಲ್ಲಿ ಇಟ್ಟೆವು. ಹೊರದೇಶದಲ್ಲಿ ಇರುವ ಬ್ಯಾಚಿನವರಿಗೆ ಮೊದಲು ಕೇಳಬೇಕಾದ ಪ್ರಶ್ನೆ "ಎಷ್ಟು ಕೊಡ್ತೀ" ಅಂತಲ್ಲ, "ಪಾಸ್‌ಪೋರ್ಟ್ ಯಾವುದು" ಅಂತ. ನ್ಯೂಜೆರ್ಸಿಯವನಿಗೆ ನಿಜಕ್ಕೂ ನೋವಾಯಿತು. "ನಾ ಹೊರಗಿನಾಂವ ಆದ್ನೇನು?" ಅಂದ. ಈಗ ಪ್ರತಿ ಭಾನುವಾರ ರಾತ್ರಿ ನಮ್ಮ ಹುಡುಗರಿಗೆ ವಿಡಿಯೋದಲ್ಲಿ ಸಂದರ್ಶನದ ತಾಲೀಮು ಕೊಡುತ್ತಾನೆ. ನಾಲ್ಕು ಲಕ್ಷಕ್ಕಿಂತ ಅದೇ ಹೆಚ್ಚಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ನಾಲ್ಕು ಲಕ್ಷವೂ ಬೇಕಿತ್ತು.

ನವೆಂಬರ್ ಹೊತ್ತಿಗೆ 29 ಜನರಿಂದ 11 ಲಕ್ಷ 40 ಸಾವಿರ ಬಂತು. ಇದರಲ್ಲಿ ಏಳು ಲಕ್ಷ ಮೂಲನಿಧಿ, ಅಂದರೆ ಕಾರ್ಪಸ್. ಮುಟ್ಟದೆ ಠೇವಣಿ ಇಡುವುದು. ಹಾಗೆ ಇಡಬೇಕಾದರೆ "ಇದು ಕಾರ್ಪಸ್‌ಗೆ" ಅಂತ ಕೊಟ್ಟವರದೇ ಪತ್ರ ಬೇಕು. ಉಳಿದ 4 ಲಕ್ಷ 40 ಸಾವಿರವನ್ನು ನಿಧಾನವಾಗಿ ಎರಡು ವರ್ಷ ಹಂಚೋಣ ಅಂತ ನನ್ನ ಲೆಕ್ಕ. ಆಗುವುದಿಲ್ಲ. ಕಾರ್ಪಸ್ ಅಲ್ಲದ ಆದಾಯದಲ್ಲಿ 85 ಪ್ರತಿಶತ ಅದೇ ಹಣಕಾಸು ವರ್ಷದಲ್ಲಿ ಉದ್ದೇಶಕ್ಕೆ ಖರ್ಚಾಗಬೇಕು, ಇಲ್ಲವಾದರೆ ಮುಂದಕ್ಕೆ ಇಟ್ಟುಕೊಳ್ಳಲು ಬೇರೆ ನಮೂನೆ, ಬೇರೆ ಗಡುವು. ಮೊದಲ ಸುತ್ತಿನಲ್ಲಿ ಐದು ಮಕ್ಕಳನ್ನು ಆರಿಸಿದ್ದೆವು, ತಲಾ 50 ಸಾವಿರ. ಫೆಬ್ರುವರಿಯಲ್ಲಿ ಮತ್ತೆ ಮೂವರನ್ನು ಸೇರಿಸಿದೆವು. ಕೊಡಲೇಬೇಕಾದ ಅವಸರದಲ್ಲಿ ಕೊಟ್ಟದ್ದು ನನಗೆ ಸರಿಬರಲಿಲ್ಲ, ಆದರೆ ಆ ಮೂವರಲ್ಲಿ ಒಬ್ಬಳೇ ಈಗ ತರಗತಿಗೆ ಮೊದಲಿಗಳು.

ಆಯ್ಕೆಯಲ್ಲೂ ಒಂದು ಮುಜುಗರ ಆಯಿತು. ಒಬ್ಬ ಟ್ರಸ್ಟಿಯ ತಮ್ಮನ ಮಗಳ ಅರ್ಜಿ ಬಂತು. ಬಡವರೇ, ಅಂಕವೂ ಚೆನ್ನಾಗಿತ್ತು. ಟ್ರಸ್ಟಿಗಳ ಸಂಬಂಧಿಕರಿಗೆ ಟ್ರಸ್ಟಿನ ಲಾಭ ಹೋದರೆ ವಿನಾಯಿತಿಗೇ ಕುತ್ತು. ಅವಳ ಫೀ ನಾವು ನಾಲ್ವರು ನಮ್ಮ ಜೇಬಿನಿಂದ ಕಟ್ಟಿದೆವು, ಟ್ರಸ್ಟಿನ ಪುಸ್ತಕದಲ್ಲಿ ಅದಿಲ್ಲ. ಫೀ ಮೊತ್ತವನ್ನು ನೇರ ಕಾಲೇಜಿನ ಖಾತೆಗೆ ಹಾಕಿ ರಸೀದಿ ತರಿಸಿಕೊಂಡೆವು. ಮೆಸ್ಸಿನ ದುಡ್ಡು ಮಾತ್ರ ಮಕ್ಕಳ ಖಾತೆಗೆ. ಈ ರಸೀದಿಗಳೇ ಮುಂದೆ ಕೈಹಿಡಿದವು.

2025ರ ಜನವರಿಯಲ್ಲಿ ಸಿಎ ಫೋನ್ ಮಾಡಿದ. "ಅಕ್ಕಾರ, ಮೂರು ವರ್ಷ ಅಂತ ಕೂತೀರೇನು?" ತಾತ್ಕಾಲಿಕ ನೋಂದಣಿ ಇದ್ದವರು ಕೆಲಸ ಶುರುವಾದ ಆರು ತಿಂಗಳೊಳಗೆ, ಅಥವಾ ಅವಧಿ ಮುಗಿಯುವ ಆರು ತಿಂಗಳ ಮೊದಲು, ಯಾವುದು ಮುಂಚೆ ಬರುತ್ತದೋ ಆಗ ಪೂರ್ಣ ನೋಂದಣಿ ಕೇಳುವ 10ಎಬಿ ನಮೂನೆ ಸಲ್ಲಿಸಬೇಕು. ನಮ್ಮ ಕೆಲಸ ನವೆಂಬರಿನಲ್ಲಿ ಶುರುವಾಗಿದೆ, ಹೀಗಾಗಿ ಗಡುವು ಮೇ ತಿಂಗಳಿಗೇ. ಅರ್ಜಿಗೆ ಅಂತ ಡೀಡ್ ತೆಗೆದು ಓದಿದಾಗಲೇ ಮುಚ್ಚುವ ಕಲಮು ಇಲ್ಲದ್ದು ಗೊತ್ತಾಗಿದ್ದು. ತಿದ್ದುಪಡಿ ಪತ್ರ, ಮತ್ತೆ ಅದೇ ಕಚೇರಿ, ಮತ್ತೆ ಐವರು, ಇಬ್ಬರು ಸಾಕ್ಷಿ.

ಅವತ್ತು ಒಬ್ಬ ಸಾಕ್ಷಿ ಕೈಕೊಟ್ಟ. ಬೆಳಗಿನ ಒಂಬತ್ತಕ್ಕೆ ಯಾರನ್ನು ಹುಡುಕುವುದು? ಅಡತಿ ಅಂಗಡಿಯ ಕಾಕಾ ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಅವರ ಮಗನ ನಂಬರ್ ಇತ್ತು. ಫೋನ್ ಮಾಡಿದೆ. ಯಾತಕ್ಕೆ ಅಂತಲೂ ಪೂರ್ತಿ ಕೇಳದೆ ಸವದತ್ತಿಯಿಂದ ಬಸ್ಸು ಹತ್ತಿ ಹನ್ನೊಂದೂವರೆಗೆ ಬಂದ. ಸಹಿ ಹಾಕಿದ ಮೇಲೆ ಹೊರಗೆ ಚಾ ಕುಡಿಯುತ್ತ 1996ರ ಕಥೆ ಹೇಳಿದೆ. ಅವನಿಗೆ ಗೊತ್ತೇ ಇರಲಿಲ್ಲ.

"ಎಷ್ಟ ರೊಕ್ಕಾ ಇತ್ರೀ ಅದು?"

"ನಾಕ ಸಾವಿರ. ತೀರಿಸೇವಿ, ಎರಡ ವರ್ಷದಾಗ."

"ಹಂಗಾರ ಅಪ್ಪನ ವಹಿಯೊಳಗ ಇರಬೇಕ್ರಿ. ನೋಡ್ತೇನಿ ತಡೀರಿ" ಅಂದ. ಇನ್ನೂ ನೋಡಿಲ್ಲ, ನಾನೂ ನೆನಪಿಸಿಲ್ಲ.

ಮಾರ್ಚಿನಲ್ಲಿ 10ಎಬಿ ಹೋಯಿತು. ಇದನ್ನು ನೋಡುವವರು ವಿನಾಯಿತಿ ವಿಭಾಗದ ಆಯುಕ್ತರು. ಅರ್ಜಿ ಹೋದ ತ್ರೈಮಾಸಿಕದ ಕೊನೆಯಿಂದ ಆರು ತಿಂಗಳ ತನಕ ಅವರಿಗೆ ಸಮಯವಿದೆ, ಪೂರ್ತಿ ಬಳಸಿಕೊಳ್ಳುತ್ತಾರೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ನೋಟಿಸು ಪೋರ್ಟಲಿಗೆ ಬರುತ್ತದೆ, ಇಮೇಲ್ ಸ್ಪ್ಯಾಮಿನಲ್ಲಿ ಬಿದ್ದಿರುತ್ತದೆ. ನಮಗೆ ಎರಡು ಬಂದವು. ಏನೇನು ಕೆಲಸ ಮಾಡಿದಿರಿ, ಫೋಟೋ, ದಾನಿಗಳ ಪಟ್ಟಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳನ್ನು ಆರಿಸಿದ್ದು ಹೇಗೆ. ನಡಾವಳಿ ಪುಸ್ತಕ ಪೂರ್ತಿ ಸ್ಕ್ಯಾನ್ ಮಾಡಿ ಹಾಕಿದೆ. ವಾರ್ಡ್ ಸಮಿತಿಯ ಚರಂಡಿ ಸಭೆಗಳು ಇಲ್ಲಿ ಫಲ ಕೊಟ್ಟವು. ಈ ಆರು ತಿಂಗಳು ಮನಸ್ಸಿಗೆ ಹಿತವಲ್ಲ: ಅರ್ಜಿ ತಿರಸ್ಕಾರವಾದರೆ ಬ್ಯಾಚಿನವರಿಗೆ ಏನು ಹೇಳುವುದು ಅಂತ ರಾತ್ರಿ ಎಚ್ಚರವಾಗುತ್ತಿತ್ತು. ನನ್ನ ಸ್ವಂತ ಸಾಲಕ್ಕೂ ಹಾಗೆ ನಿದ್ದೆಗೆಟ್ಟವಳಲ್ಲ.

ನಡುವೆ ಮೇ 31 ಬಂತು. ಕೊಟ್ಟವರ ಹೆಸರು, ಪ್ಯಾನ್, ಮೊತ್ತ ಎಲ್ಲ 10ಬಿಡಿ ನಮೂನೆಯಲ್ಲಿ ಅಷ್ಟರೊಳಗೆ ಸಲ್ಲಿಸಬೇಕು; ತಡವಾದರೆ ದಿನಕ್ಕೆ 200 ರೂಪಾಯಿ. ಆಮೇಲೆ ಪ್ರತಿಯೊಬ್ಬರಿಗೂ 10ಬಿಇ ಪ್ರಮಾಣಪತ್ರ. ಇಲ್ಲಿ ನಾಲ್ವರು ಹೆಂಡತಿಯ ಯುಪಿಐಯಿಂದ ಕಳಿಸಿ, ಪ್ರಮಾಣಪತ್ರ ತಮ್ಮ ಹೆಸರಿಗೆ ಕೇಳಿದರು. ಖಾತೆ ಯಾರದೋ ಪತ್ರ ಅವರದೇ ಅಂತ ಖಡಾಖಂಡಿತ ಹೇಳಿದೆ. ಒಬ್ಬ 10 ಸಾವಿರ ನಗದು ಕೊಟ್ಟಿದ್ದ. ಎರಡು ಸಾವಿರ ದಾಟಿದ ನಗದಿಗೆ 80ಜಿ ಇಲ್ಲ. ಇದೆಲ್ಲ ಮುಗಿದ ಮೇಲೆ ತಿಳಿದದ್ದು, ಬ್ಯಾಚಿನ ಅರ್ಧಕ್ಕಿಂತ ಹೆಚ್ಚು ಜನ ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ, ಅಲ್ಲಿ 80ಜಿ ರಿಯಾಯಿತಿಯೇ ಇಲ್ಲ! ಯಾರ ಸಲುವಾಗಿ ಇಷ್ಟು ಒದ್ದಾಡಿದೆ ಅಂತ ಒಂದು ಗಳಿಗೆ ತಲೆ ಹಿಡಿದು ಕೂತೆ. ಆದರೂ 12ಎಬಿ ಬೇಕೇ ಬೇಕು, ಇಲ್ಲದಿದ್ದರೆ ಬಂದ ದಾನದ ಮೇಲೆ ಟ್ರಸ್ಟೇ ತೆರಿಗೆ ಕಟ್ಟಬೇಕಾಗುತ್ತಿತ್ತು.

ಖರ್ಚು: ವಕೀಲರಿಗೆ 5 ಸಾವಿರ, ಎರಡು ಸಲದ ನೋಂದಣಿ, ಸ್ಟ್ಯಾಂಪು, ಬಾಂಡ್ ರೈಟರ್ ಸೇರಿ 9 ಸಾವಿರ, ಸಿಎ ಶುಲ್ಕ 25 ಸಾವಿರ, ಆಡಿಟ್ 10 ಸಾವಿರ, ಸಿಕ್ಕಾಕ್ಕೆ 350. ರೈಲಿನ ಲೆಕ್ಕ ಬಿಟ್ಟೆ. ಎಲ್ಲವನ್ನೂ ಟ್ರಸ್ಟಿಗಳು ಹಂಚಿಕೊಂಡೆವು. ಕೊಟ್ಟವರ ರೊಕ್ಕದಿಂದ ಒಂದು ಝೆರಾಕ್ಸೂ ಮಾಡಿಸಲಿಲ್ಲ. ಹಾಗೆ ಮಾಡಲೇಬೇಕೆಂದೇನಿಲ್ಲ, ನಮ್ಮ ಹಟ ಅಷ್ಟೇ. ಏಳು ಲಕ್ಷದ ಬಡ್ಡಿ ವರ್ಷಕ್ಕೆ ಒಬ್ಬ ವಿದ್ಯಾರ್ಥಿಗೆ ಸಾಕಾಗುತ್ತದೆ, ಹೆಚ್ಚಿಗೆ ಇಲ್ಲ. ಅದಕ್ಕೇ ಈಗ ಹದಿನಾಲ್ಕು ಜನ ತಿಂಗಳಿಗೆ ಎರಡು ಸಾವಿರದಂತೆ ಬ್ಯಾಂಕಿಗೆ ಆದೇಶ ಕೊಟ್ಟಿದ್ದಾರೆ. ಮೊದಲೇ ಹೀಗೆ ಶುರು ಮಾಡಿದ್ದರೆ ಚೆನ್ನಾಗಿತ್ತು.

ಮೊದಲ ಸುತ್ತಿನ ಐವರಲ್ಲಿ ರಾಮದುರ್ಗ ಕಡೆಯ ಹುಡುಗಿಯೊಬ್ಬಳಿದ್ದಳು. ಫೀ ಕಟ್ಟುವ ಕೊನೆಯ ದಿನ ಮಧ್ಯಾಹ್ನ ದುಡ್ಡು ಕಾಲೇಜಿನ ಖಾತೆಗೆ ಹೋಯಿತು. ಅವಳ ಜೊತೆ ಅಪ್ಪನೂ ಬಂದಿದ್ದರು, ಟ್ರ್ಯಾಕ್ಟರ್ ಡ್ರೈವರ್. ನಾನು ಮಾಡುತ್ತಿದ್ದ ಕೆಲಸ ಯಾರು ಹೇಳಿದ್ದರೋ.

"ಸಾಲದ ಕಾಗದ ಎಲ್ಲದರೀ ಅಕ್ಕಾರ? ಸಹಿ ಮಾಡ್ತೇನಿ."

"ಇದು ಸಾಲ ಅಲ್ರೀ ಅಣ್ಣಾರ. ವಾಪಸ್ ಕೊಡೂದಿಲ್ಲ."

ಅವರು ನಂಬಲಿಲ್ಲ. ಪಾವತಿ ಪುಸ್ತಕ ತೆಗೆದು, ಮುಟ್ಟಿದ್ದಕ್ಕೆ ಸಹಿ ಹಾಕಿ ಅಂತ ಕೊಟ್ಟೆ. ಸಹಿ ಹಾಕಿದರು. ಆಮೇಲೆ ಹಾಳೆಯನ್ನು ಹಿಂದೆ ಮುಂದೆ ಹೊರಳಿಸಿ, ಕಂತಿನ ತಾರೀಖು ಎಲ್ಲಿ ಬರೆದಿದೆ ಅಂತ ಬಹಳ ಹೊತ್ತು ಹುಡುಕಿದರು.